ನೂರನೇ ಒಂದು ಸೆಕೆಂಡು ಮತ್ತು ಫ್ರಾನ್ಚೆಸ್ಕೊ ಫ್ರೀಡ್ರಿಶ್

2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಇಬ್ಬರ ಬಾಬ್‌ಸ್ಲೆಡ್ (ಮಂಜುಗಡ್ಡೆಯ ಇಳಿಜಾರು ದಾರಿಯಲ್ಲಿ ಜಾರುಬಂಡಿ ಓಡಿಸುವ ಆಟ) ಸ್ಪರ್ಧೆಯಲ್ಲಿ ನಾಲ್ಕು ಓಟಗಳ ಸಮಯ ಕೂಡಿಸಿದಾಗ ಜರ್ಮನಿಯ ಫ್ರಾನ್ಚೆಸ್ಕೊ ಫ್ರೀಡ್ರಿಶ್ ಮತ್ತು ಕೆನಡಾದ ಜಸ್ಟಿನ್ ಕ್ರಿಪ್ಸ್ ಇಬ್ಬರದೂ 3 ನಿಮಿಷ 16.86 ಸೆಕೆಂಡು. ಚಿನ್ನ ಇಬ್ಬರಿಗೂ ಸಿಕ್ಕಿತು. ಅದರ ಹಿಂದಿನ ವರ್ಷ ಕ್ಯೋನಿಗ್ಸ್‌ಜೇಯಲ್ಲಿ ನಡೆದ ನಾಲ್ವರ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಹೀಗೇ ಆಗಿತ್ತು: ಫ್ರೀಡ್ರಿಶ್ ಮತ್ತು ಅವರದೇ ದೇಶದ ಯೊಹಾನೆಸ್ ಲೋಖ್ನರ್ ಸಮಸಮ. ಗಂಟೆಗೆ 130 ಕಿ.ಮೀ. ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗವೆಂದರೆ ಸುಮಾರು 36 ಸೆಂ.ಮೀ. ಪೈಲಟ್, ಅಂದರೆ ಬಂಡಿಯನ್ನು ತಿರುಗಿಸಿ ನಡೆಸುವವನು; ಫ್ರೀಡ್ರಿಶ್ ಎಂಬ ಪೈಲಟ್‌ನ ವೃತ್ತಿಜೀವನ ಅರ್ಥವಾಗಬೇಕಾದರೆ ಆ 36 ಸೆಂ.ಮೀ. ಎಲ್ಲಿ ಕಳೆದುಹೋಗುತ್ತದೆ ಅನ್ನುವುದು ಗೊತ್ತಿರಬೇಕು.

ಮೊದಲು ತಳ್ಳುವಾಗ. ಇಬ್ಬರ ಬಂಡಿ ಆಟಗಾರರ ಸಮೇತ 390 ಕೆ.ಜಿ. ಮೀರುವಂತಿಲ್ಲ, ಖಾಲಿ ಬಂಡಿ 170 ಕೆ.ಜಿ.ಗಿಂತ ಕಡಿಮೆಯಿರುವಂತಿಲ್ಲ. ಆಟಗಾರರು ಹಗುರವಿದ್ದರೆ ಬಂಡಿಗೆ ತೂಕ ಸೇರಿಸಬಹುದು. ಆದರೆ ಹಾಗೆ ಸೇರಿಸಿದ ತೂಕವನ್ನೂ ಅವರೇ ತಳ್ಳಬೇಕು. ಅದಕ್ಕೇ ತೂಕವೂ ಇದ್ದು ಓಟವೂ ಇರುವ ಬ್ರೇಕ್‌ಮನ್ (ಹಿಂದಿನಿಂದ ತಳ್ಳಿ, ಕೊನೆಗೆ ಬ್ರೇಕ್ ಹಾಕುವವನು) ಬೇಕು. ಫ್ರೀಡ್ರಿಶ್ ಜೊತೆ ಬಹುಕಾಲ ಆ ಕೆಲಸ ಮಾಡಿದವರು ಥಾರ್ಸ್ಟನ್ ಮಾರ್ಗಿಸ್. ಬಂಡಿಗೆ ಹತ್ತುವುದು ಒಂದು ಹೆಜ್ಜೆ ತಡವಾದರೂ, ಕಾಲು ಅಂಚಿಗೆ ತಾಕಿ ಬಂಡಿ ಅಲ್ಲಾಡಿದರೂ ಆ ನಷ್ಟ ಕೆಳಗಿನವರೆಗೂ ಬೆಳೆಯುತ್ತಲೇ ಹೋಗುತ್ತದೆ. ದಾರಿಯಲ್ಲಿ ಎಂಜಿನ್ನಿಲ್ಲ, ಕಳೆದ ವೇಗವನ್ನು ಮತ್ತೆ ಹುಟ್ಟಿಸುವ ಉಪಾಯ ಯಾವುದೂ ಇಲ್ಲ.

ಆಮೇಲೆ ಹಗ್ಗ. ಪೈಲಟ್ ಕೈಯಲ್ಲಿರುವುದು ಸ್ಟೀರಿಂಗ್ ಚಕ್ರವಲ್ಲ, ಎರಡು ಹಿಡಿಬಳೆಗಳು. ಅವಕ್ಕೆ ಕಟ್ಟಿದ ಹಗ್ಗ ಮುಂದಿನ ಜೋಡಿ ಉಕ್ಕಿನ ರನ್ನರ್‌ಗಳನ್ನು, ಅಂದರೆ ಬಂಡಿ ಜಾರುವ ಪಟ್ಟಿಗಳನ್ನು, ತುಸುವೇ ತಿರುಗಿಸುತ್ತದೆ. ಹಿಂದಿನ ಜೋಡಿ ತಿರುಗುವುದಿಲ್ಲ. ಎಳೆದಷ್ಟೂ ರನ್ನರ್ ಮಂಜುಗಡ್ಡೆಯನ್ನು ಅಡ್ಡಡ್ಡ ಕೆರೆಯುತ್ತದೆ, ಕೆರೆದಷ್ಟೂ ವೇಗ ಇಳಿಯುತ್ತದೆ. ತಿರುವಿಗೆ ತಡವಾಗಿ ಹೊಕ್ಕರೆ ಬಂಡಿ ಗೋಡೆಯ ಮೇಲೆ ಬೇಕಾದ್ದಕ್ಕಿಂತ ಎತ್ತರಕ್ಕೆ ಏರಿ, ಅಷ್ಟೇ ಜೋರಾಗಿ ಕೆಳಗೆ ಜಾರಿ, ಹೊರಬೀಳುವಾಗ ಎದುರು ಗೋಡೆಗೆ ಬಡಿಯುತ್ತದೆ. ಗಾಬರಿಯಿಂದ ಜೋರಾಗಿ ತಿದ್ದಲು ಹೋದವರ ಬಂಡಿ ಹಾವಿನಂತೆ ಹೊರಳುತ್ತದೆ, ಮಗುಚುವುದೂ ಉಂಟು. ಬ್ರೇಕ್ ಇರುವುದು ಗುರಿ ದಾಟಿದ ಮೇಲಷ್ಟೇ ಬಳಸಲು. ಅದರ ಹಲ್ಲುಗಳು ಮಂಜುಗಡ್ಡೆಯನ್ನೇ ಅಗೆದುಬಿಡುತ್ತವೆ.

ಹಾಗಾಗಿ ಒಳ್ಳೆಯ ಪೈಲಟ್ ಅಂದರೆ ಬೇಗ ಎಳೆದು, ಸ್ವಲ್ಪವೇ ಎಳೆದು, ಕೂಡಲೇ ಬಿಡುವವನು. ಇದನ್ನು ಕಲಿಸುವುದು ಟ್ರ್ಯಾಕೇ. ಪೈಲಟ್‌ಗಳು ಸ್ಪರ್ಧೆಗೆ ಮೊದಲು ಇಡೀ ದಾರಿ ನಡೆದು, ಪ್ರತಿ ತಿರುವಿನ ಬಾಯಿ ಎಲ್ಲಿ, ಮಂಜುಗಡ್ಡೆ ಎಲ್ಲಿ ಉಬ್ಬಿದೆ ಎಂದು ನೋಡುತ್ತಾರೆ. 1990ರಲ್ಲಿ ಪಿರ್ನಾದಲ್ಲಿ ಹುಟ್ಟಿದ ಫ್ರೀಡ್ರಿಶ್‌ಗೆ ಹತ್ತಿರದಲ್ಲೇ 17 ತಿರುವುಗಳ ಆಲ್ಟನ್‌ಬರ್ಗ್ ಟ್ರ್ಯಾಕ್ ಇತ್ತು. ಜಗತ್ತಿನ ಕಠಿಣ ಟ್ರ್ಯಾಕ್‌ಗಳಲ್ಲೊಂದು ಮನೆಯ ಅಂಗಳದಲ್ಲೇ ಇರುವುದು ಎಷ್ಟು ದೊಡ್ಡ ಭಾಗ್ಯ ಎನ್ನುವುದನ್ನು ಅವರ ಪದಕಪಟ್ಟಿ ಓದುವವರು ಮರೆಯಬಾರದು.

2013ರಲ್ಲಿ ಸೇಂಟ್ ಮೋರಿಟ್ಸ್‌ನಲ್ಲಿ 22ನೇ ವಯಸ್ಸಿಗೆ ಇಬ್ಬರ ವಿಶ್ವ ಚಾಂಪಿಯನ್. ಮರುವರ್ಷ ಸೋಚಿ ಒಲಿಂಪಿಕ್ಸ್‌ನಲ್ಲಿ ಅವರಿಗೇನು, ಜರ್ಮನಿಯ ಬಾಬ್‌ಸ್ಲೆಡ್ ತಂಡಕ್ಕೇ ಒಂದು ಪದಕವೂ ಬರಲಿಲ್ಲ. ಅಲ್ಲಿಂದ ಎದ್ದು 2021ರವರೆಗೆ ಇಬ್ಬರ ವಿಶ್ವ ಪ್ರಶಸ್ತಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. 2013ರದ್ದೂ ಸೇರಿ ಸತತ ಏಳು. ನನಗೆ ಇದಕ್ಕಿಂತ ಹೆಚ್ಚು ಕಾಣುವುದು ನಾಲ್ವರ ಬಂಡಿಯಲ್ಲೂ ಅವರು ಅಷ್ಟೇ ಪಳಗಿದ್ದು. 630 ಕೆ.ಜಿ.ವರೆಗೆ ತೂಗುವ ಆ ಬಂಡಿ ಹಗ್ಗಕ್ಕೆ ನಿಧಾನವಾಗಿ ಓಗೊಡುತ್ತದೆ, ಎಳೆತ ಇನ್ನೂ ಮೊದಲೇ ಶುರುವಾಗಬೇಕು. ಅದೇ ವಾರ ಇಬ್ಬರ ಬಂಡಿಗೆ ಒಗ್ಗಿದ ಕೈಯನ್ನು ಇದಕ್ಕೆ ಹೊಂದಿಸಿಕೊಳ್ಳುವುದು ಸುಲಭವಲ್ಲ. ಪ್ಯೊಂಗ್‌ಚಾಂಗ್‌ನಲ್ಲಿ ಅವರು ಎರಡನ್ನೂ ಗೆದ್ದರು.

2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಯಾನ್‌ಚಿಂಗ್‌ನ ಟ್ರ್ಯಾಕ್ ಹೊಸದು. ಇಬ್ಬರ ಸ್ಪರ್ಧೆಯನ್ನು ಫ್ರೀಡ್ರಿಶ್ 0.49 ಸೆಕೆಂಡಿನಿಂದ ಗೆದ್ದರು. ನಾಲ್ವರದರಲ್ಲಿ ಮೊದಲ ದಿನದ ಕೊನೆಗೆ ಲೋಖ್ನರ್ 0.03 ಸೆಕೆಂಡು ಮುಂದಿದ್ದರು. ಎರಡನೇ ದಿನದ ಎರಡು ಓಟ ಮುಗಿದಾಗ ಫ್ರೀಡ್ರಿಶ್ 0.37 ಮುಂದೆ.