ಜುಲೈ 4ರ ಸಂಜೆ ಕೇಳಿದ ಹಾಡು

ಎರಡು ವರ್ಷಗಳ ಹಿಂದೆ, ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಸಂಜೆ, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮಗಳ ಮನೆಯ ಸಮೀಪದ ಪಾರ್ಕಿನಲ್ಲಿ ಬಾಣಬಿರುಸು ನೋಡಲೆಂದು ಜಮಖಾನ ಹಾಸಿ ಕುಳಿತಿದ್ದೆವು. ಕತ್ತಲಾಗುವುದನ್ನು ಕಾಯುತ್ತಿದ್ದಾಗ ಧ್ವನಿವರ್ಧಕದಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಬಾರ್ನ್ ಇನ್ ದ ಯುಎಸ್‌ಎ’ ಮೊಳಗಿತು. ಅಲ್ಲಿಯೇ ಹುಟ್ಟಿದ ಆರು ವರ್ಷದ ಮೊಮ್ಮಗ ಕೈಯಲ್ಲಿದ್ದ ಪುಟ್ಟ ಬಾವುಟ ಬೀಸುತ್ತ, “ತಾತ, ಇದು ನನ್ನ ಹಾಡು” ಎಂದು ಕುಣಿದ. ರಾಜ್ಯೋತ್ಸವದಂದು ಬೀದಿ ಬೀದಿಯಲ್ಲಿ ಕೇಳಿಬರುವ ರಾಜ್‌ಕುಮಾರ್ ಅವರ ನಾಡಗೀತೆಗಳ ಜಾತಿಗೆ ಸೇರಿದ್ದೆಂದು ಭಾವಿಸಿ ನಾನೂ ತಾಳ ಹಾಕಿದೆ.

ರಾತ್ರಿ ಊಟದ ಹೊತ್ತಿಗೆ ಅಳಿಯಂದಿರು, “ಮಾವ, ಆ ಹಾಡಿನ ಸಾಹಿತ್ಯ ಓದಿದ್ದೀರಾ?” ಎಂದು ಕೇಳಿದರು. ಓದಿರಲಿಲ್ಲ. ಹಾಡಿನಲ್ಲಿ ಸಣ್ಣ ಊರಿನ ಹುಡುಗನೊಬ್ಬ ಏನೋ ರಗಳೆಯಲ್ಲಿ ಸಿಕ್ಕಿಬೀಳುತ್ತಾನೆ. ಕೈಗೆ ಬಂದೂಕು ಕೊಟ್ಟು ಅವನನ್ನು ವಿಯೆಟ್ನಾಂಗೆ ಕಳುಹಿಸುತ್ತಾರೆ. ಮರಳಿ ಬಂದಾಗ ತೈಲ ಸಂಸ್ಕರಣಾ ಕಾರ್ಖಾನೆಯಲ್ಲಿ ಕೆಲಸವಿಲ್ಲ, ಮಾಜಿ ಸೈನಿಕರ ಇಲಾಖೆಯಲ್ಲಿ ಕೇಳುವವರಿಲ್ಲ, ವಿಯೆಟ್ನಾಂನ ರಣಭೂಮಿ ಖೆ ಸಾನ್‌ನಲ್ಲಿ ಹೋರಾಡಿದ ಸಹೋದರನೂ ಇಲ್ಲ. ಇಷ್ಟನ್ನೂ ಹೇಳುವ ನಡುನಡುವೆ ಅವನು ತಾನು ಹುಟ್ಟಿದ್ದು ಇದೇ ದೇಶದಲ್ಲಿ ಎಂದು ಕೂಗುತ್ತಾನೆ. ಅದು ಜಯಕಾರವಲ್ಲ, ಉಂಡೆಯಾ ಎಂದು ಕೇಳುವವರಿಲ್ಲದ ಮನೆಯಲ್ಲಿ ನಿಂತು, ‘ನಾನೂ ಈ ಮನೆಯ ಮಗನೇ ತಾನೇ’ ಎನ್ನುವವನ ಕೂಗು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನಾನು, ಮೇಲೆ ಹೊಗಳಿಕೆ, ಒಳಗೆ ತೆಗಳಿಕೆ ಇರುವ ವ್ಯಾಜಸ್ತುತಿಯನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೆನೋ ಲೆಕ್ಕವಿಲ್ಲ. ಡ್ರಮ್ಮಿನ ಸದ್ದಿಗೆ ಪಾಠವೆಲ್ಲ ಮರೆತುಹೋಗಿತ್ತು. ಆದರೆ ನನಗಿಂತ ದೊಡ್ಡವರೂ ಎಡವಿದ್ದರು. ಈ ಹೆಸರಿನ ಆಲ್ಬಂ ಬಂದ 1984ರಲ್ಲಿಯೇ, ಮರುಚುನಾವಣೆಗೆ ನಿಂತಿದ್ದ ಅಧ್ಯಕ್ಷ ರೊನಾಲ್ಡ್ ರೇಗನ್ ಸೆಪ್ಟೆಂಬರ್ 19ರಂದು ಇದೇ ನ್ಯೂಜೆರ್ಸಿಯ ಹ್ಯಾಮಂಟನ್‌ನಲ್ಲಿ ಭಾಷಣ ಮಾಡುತ್ತ, ಸ್ಪ್ರಿಂಗ್‌ಸ್ಟೀನ್ ಅವರ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದಿದ್ದರು. ಕೆಲವೇ ದಿನಗಳಲ್ಲಿ ಪಿಟ್ಸ್‌ಬರ್ಗ್‌ನ ವೇದಿಕೆಯಿಂದ ಗಾಯಕರು, ಅಧ್ಯಕ್ಷರಿಗೆ ನನ್ನ ಯಾವ ಆಲ್ಬಂ ಇಷ್ಟವೋ ಎಂದು ತಮಾಷೆ ಮಾಡಿ, ಕಾರು ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡವನ ಕಥೆಯಿರುವ ಬೇರೊಂದು ಹಾಡು ಹಾಡಿದರು.

ಆ ರಾತ್ರಿಯೇ ‘ಬಾರ್ನ್ ಇನ್ ದ ಯುಎಸ್‌ಎ’ ಹಾಡಿನ ವಿಡಿಯೋ ನೋಡಿದೆ. ಜಾನ್ ಸೇಲ್ಸ್ ನಿರ್ದೇಶಿಸಿದ ಅದರಲ್ಲಿ ಸಂಗೀತ ಕಛೇರಿಯ ದೃಶ್ಯಗಳ ನಡುವೆ ಕಾರ್ಖಾನೆಯ ಸಾಲು, ವಿಯೆಟ್ನಾಂನಿಂದ ಮರಳಿದವರು, ಸ್ಮಶಾನ ಬಂದು ಹೋಗುತ್ತವೆ. ಕೊನೆಯಲ್ಲಿ ಮಾತ್ರ ಗಾಯಕರು ದೊಡ್ಡ ಬಾವುಟದ ಮುಂದೆ ನಿಲ್ಲುತ್ತಾರೆ. ಜನ ನೆನಪಿಟ್ಟುಕೊಂಡದ್ದು ಬಾವುಟವನ್ನೇ ಇರಬೇಕು. ತಪ್ಪೆಲ್ಲ ಕೇಳುಗರದೇ ಎನ್ನಲೂ ನನಗೆ ಮನಸ್ಸಿಲ್ಲ. ಅಷ್ಟು ಗೆಲುವಿನ ಸದ್ದಿನೊಳಗೆ ಅಷ್ಟು ದುಃಖವನ್ನು ಇಟ್ಟವರಿಗೂ ಅದರಲ್ಲಿ ಪಾಲಿದೆ.

ಇದೇ ಹಾಡನ್ನು ಅವರು 1982ರಲ್ಲಿ ಮನೆಯಲ್ಲಿ ಕುಳಿತು, ಬರೀ ಗಿಟಾರ್ ಹಿಡಿದು, ಕ್ಯಾಸೆಟ್ಟಿಗೆ ಹಾಡಿದ್ದರು. ಅದು ಹೊರಬಂದದ್ದು 1998ರಲ್ಲಿ. ಮರುದಿನ ಬೆಳಿಗ್ಗೆ ಅಳಿಯಂದಿರು ಅದನ್ನು ಹಾಕಿದರು. ದೋಸೆ ತಿನ್ನುತ್ತಿದ್ದ ಮೊಮ್ಮಗನಿಗೆ ಅದು ತನ್ನ ಹಾಡೆಂದು ಗುರುತೇ ಸಿಗಲಿಲ್ಲ.

“ಇವರಿಗೆ ಏನಾಯಿತು ತಾತ?” ಎಂದ.

“ಯುದ್ಧಕ್ಕೆ ಹೋಗಿ ಬಂದರಂತೆ, ಕೆಲಸ ಸಿಗಲಿಲ್ಲವಂತೆ” ಎಂದೆ.