ಪ್ಯಾರಿಸ್ಸಿನ ಗ್ರಾಂ ಗಿನ್ಯೋಲ್: ರಕ್ತದ ನಾಟಕಶಾಲೆ ನೋಡಲು ಹೋಗುವವರಿಗೆ

ಗ್ರಾಂ ಗಿನ್ಯೋಲ್ ಬಾಗಿಲು ಹಾಕಿದ್ದು 1962ರಲ್ಲಿ. ಕೊಲೆ, ಹುಚ್ಚು, ಚಿತ್ರಹಿಂಸೆಗಳ ನಾಟಕ ಈಗ ಅಲ್ಲಿ ನಡೆಯುವುದಿಲ್ಲ. ಕಟ್ಟಡವೇನೋ ಇದೆ, ಬೇರೆ ಹೆಸರಿನಲ್ಲಿ ರಂಗಮಂದಿರವಾಗಿಯೇ ಉಳಿದಿದೆ. ಆದರೆ ಪ್ರದರ್ಶನದ ಟಿಕೆಟ್ ಇಲ್ಲದೆ ಹೋದವರಿಗೆ ಸಿಗುವುದು ಕಲ್ಲು ಹಾಸಿದ ಒಂದು ಕುರುಡು ಗಲ್ಲಿ, ಅದರ ತುದಿಯಲ್ಲಿ ಮುಚ್ಚಿದ ಬಾಗಿಲು, ಅಷ್ಟೇ. ಹಾಗಾಗಿ ವಿಮಾನದ ಟಿಕೆಟ್ ಮಾಡಿಸುವ ಮೊದಲೇ ಅಲ್ಲಿನ ಕಾರ್ಯಕ್ರಮ ಪಟ್ಟಿ ನೋಡಿಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಬಹಳಷ್ಟು ನಾಟಕಶಾಲೆಗಳಿಗೆ ರಜೆ. ನಮ್ಮ ಬೇಸಿಗೆ ರಜೆಯ ಲೆಕ್ಕದಲ್ಲಿ ಹೋಗುವುದಾದರೆ ಏಪ್ರಿಲ್, ಮೇ ಒಳ್ಳೆಯದು. ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಹಾಕಬಹುದು, ಪ್ರಯಾಣಕ್ಕೆ 15 ದಿನ ಇರುವಷ್ಟರಲ್ಲಿ ಹಾಕಿರಲೇಬೇಕು.

ವಿಳಾಸ: 7, ಸಿತೆ ಶಾಪ್ತಾಲ್, 9ನೇ ವಿಭಾಗ. ಹಳೆಯ ಬರಹಗಳಲ್ಲಿ 20 ಬಿಸ್, ರ‍್ಯೂ ಶಾಪ್ತಾಲ್ (‘ರ‍್ಯೂ’ ಎಂದರೆ ಬೀದಿ) ಎಂದಿರುತ್ತದೆ. ಎರಡೂ ಒಂದೇ ಜಾಗ. ವಿಮಾನ ನಿಲ್ದಾಣದಿಂದ ಆರ್‌ಇಆರ್ ಬಿ ರೈಲಿನಲ್ಲಿ ಗಾರ್ ದ್ಯು ನೋರ್‌ಗೆ ಬಂದರೆ, ಅಲ್ಲಿಂದ ಒಳದಾರಿಯಲ್ಲೇ ನಡೆದು ಲಾ ಶಾಪೆಲ್ ನಿಲ್ದಾಣ ಸೇರಬಹುದು. ಪೋರ್ತ್ ದೋಫೀನ್ ಕಡೆಗೆ ಹೋಗುವ 2ನೇ ಮಾರ್ಗದ ಮೆಟ್ರೊ ಹಿಡಿದು, ಪಿಗಾಲ್ ದಾಟಿ ಬರುವ ಬ್ಲಾಂಶ್‌ನಲ್ಲಿ ಇಳಿಯಿರಿ. ಮೇಲೆ ಬಂದರೆ ಎದುರಿಗೇ ಮೂಲ್ಯಾಂ ರೂಜ್ ನೃತ್ಯಶಾಲೆ. ಅದಕ್ಕೆ ಬೆನ್ನು ಹಾಕಿ ರ‍್ಯೂ ಬ್ಲಾಂಶ್‌ನಲ್ಲಿ ಇಳಿಜಾರಿಗೆ ನಡೆದು, ಎಡಕ್ಕೆ ರ‍್ಯೂ ಶಾಪ್ತಾಲ್‌ಗೆ ತಿರುಗಿದರೆ ಗಲ್ಲಿಯ ಬಾಯಿ ಎಡಗಡೆಯೇ ಸಿಗುತ್ತದೆ. ಮೆಟ್ರೊಗೆ ಬಳಸುವ ನಾವಿಗೊ ಈಜಿ ಕಾರ್ಡಿಗೆ 2 ಯೂರೊ. ಒಬ್ಬರಿಗೆ ಒಂದರಂತೆ ಬೇಕು. ಗಂಡ ಹೆಂಡತಿ ಒಂದೇ ಕಾರ್ಡನ್ನು ಎರಡು ಸಲ ಒತ್ತಿ ಒಳಗೆ ಹೋದರೆ ತಪಾಸಣೆಯಲ್ಲಿ ದಂಡ ಬೀಳುತ್ತದೆ. ವಿಮಾನ ನಿಲ್ದಾಣದ ದಾರಿಗೆ ಟಿಕೆಟ್ ಬೇರೆ, ಮಾಮೂಲಿ ಮೆಟ್ರೊ ಟಿಕೆಟ್ ಅಲ್ಲಿಗೆ ನಡೆಯದು.

ಕಟ್ಟಡ ಮೊದಲು ಪ್ರಾರ್ಥನಾ ಮಂದಿರವಾಗಿತ್ತು. ಆಮೇಲೆ ಒಬ್ಬ ಚಿತ್ರಕಾರನ ಕಾರ್ಯಾಗಾರವಾಯಿತು. 1897ರಲ್ಲಿ ಒಸ್ಕಾರ್ ಮೆತೆನಿಯೆ ಅದನ್ನು ಕೊಂಡು ನಾಟಕಶಾಲೆ ತೆರೆದ. ಈತ ಹಿಂದೆ ಪೊಲೀಸ್ ಇಲಾಖೆಯಲ್ಲಿ ಗುಮಾಸ್ತನಾಗಿದ್ದವನು. ಬೀದಿಯ ಬಡವರು, ಕಳ್ಳರು, ಸೂಳೆಯರ ಬದುಕನ್ನು ಅವರ ಮಾತಿನಲ್ಲೇ ರಂಗಕ್ಕೆ ತರುವುದು ಅವನ ಉದ್ದೇಶ, ಹೆದರಿಸುವುದಲ್ಲ. ಭೀಕರತೆಯನ್ನು ವ್ಯಾಪಾರವಾಗಿಸಿದ್ದು 1898ರಲ್ಲಿ ವಹಿಸಿಕೊಂಡ ಮ್ಯಾಕ್ಸ್ ಮೋರೆ. ಎಷ್ಟು ಜನ ಮೂರ್ಛೆ ಹೋದರು ಎಂಬುದರಲ್ಲಿ ನಾಟಕದ ಗೆಲುವನ್ನು ಅಳೆಯುತ್ತಿದ್ದ, ಒಬ್ಬ ವೈದ್ಯನನ್ನೂ ಇಟ್ಟುಕೊಂಡಿದ್ದ. ಪ್ರಚಾರದ ಗಿಮಿಕ್ಕೇ ಹೆಚ್ಚು ಎನ್ನಬೇಕು. ಅವನ ಮುಖ್ಯ ನಾಟಕಕಾರ ಆಂದ್ರೆ ದ ಲೋರ್ದ್‌ಗೆ ಹಗಲಲ್ಲಿ ಗ್ರಂಥಾಲಯದ ಕೆಲಸ. ಬುದ್ಧಿಮತ್ತೆ ಪರೀಕ್ಷೆಯಿಂದ ಹೆಸರಾದ ಮನಃಶಾಸ್ತ್ರಜ್ಞ ಆಲ್ಫ್ರೆದ್ ಬಿನೆ ಅವನೊಂದಿಗೆ ಸೇರಿ ನಾಟಕ ಬರೆದದ್ದುಂಟು.

ಆ ಭಯ ಕೆಲಸ ಮಾಡಿದ್ದು ಜಾಗ ಚಿಕ್ಕದಾದ್ದರಿಂದ. ಸುಮಾರು 290 ಆಸನ, ಪುಟ್ಟ ರಂಗ. ಮುಂದಿನ ಸಾಲಿನವರಿಗೆ ನಟರ ಉಸಿರು ಕೇಳುವಷ್ಟು ಹತ್ತಿರ. ಇಷ್ಟು ಹತ್ತಿರದಲ್ಲಿ ಅಗ್ಗದ ಕೆಂಪು ಬಣ್ಣ ಯಾರನ್ನೂ ನಂಬಿಸುವುದಿಲ್ಲ. ಹಾಗಾಗಿ ಕಾರ್ಮೈನ್ ಬಣ್ಣಕ್ಕೆ ಗ್ಲಿಸರಿನ್ ಸೇರಿಸಿ ಬಿಸಿ ಮಾಡಿ ಬಳಸುತ್ತಿದ್ದರು. ತಣ್ಣಗಾದಂತೆ ಅದು ನಿಜವಾದ ರಕ್ತದ ಹಾಗೆ ಹೆಪ್ಪುಗಟ್ಟುತ್ತಿತ್ತು. ಚಾಕುವಿನ ಅಲಗು ಹಿಡಿಯೊಳಗೆ ಸರಿದುಕೊಳ್ಳುತ್ತಿತ್ತು. ಒಂದು ಸಂಜೆಗೆ ಹಲವು ಕಿರುನಾಟಕ, ಒಂದು ಭೀಕರವಾದರೆ ಮುಂದಿನದು ಪ್ರಹಸನ. ನಕ್ಕು ಸಡಿಲಾದ ಪ್ರೇಕ್ಷಕ ಮತ್ತೆ ಹೊಸದಾಗಿ ಬೆಚ್ಚುತ್ತಾನೆ ಎಂಬ ಲೆಕ್ಕ ಅದು. ಬರೀ ರಕ್ತವನ್ನೇ ಸುರಿಸುವ ಇಂದಿನ ಚಿತ್ರಗಳವರು ಇದನ್ನು ಗಮನಿಸಬೇಕಿತ್ತು. 1917ರಿಂದ ಇಲ್ಲಿ ನಟಿಸಿದ ಪೌಲಾ ಮ್ಯಾಕ್ಸಾಗೆ ‘ಜಗತ್ತಿನಲ್ಲೇ ಅತಿ ಹೆಚ್ಚು ಸಲ ಕೊಲೆಯಾದ ಹೆಂಗಸು’ ಎಂಬ ಬಿರುದಿತ್ತು.

ಎರಡನೇ ಮಹಾಯುದ್ಧದ ನಂತರ ಜನ ಕಡಿಮೆಯಾದರು. ಕೊನೆಯ ನಿರ್ದೇಶಕ ಶಾರ್ಲ್ ನೊನೊಂ ಕೊಟ್ಟ ಕಾರಣ: ನಾಜಿ ಶಿಬಿರಗಳಲ್ಲಿ ನಿಜವಾಗಿ ನಡೆದದ್ದು ಗೊತ್ತಾದ ಮೇಲೆ ರಂಗದ ಮೇಲಿನ ಕಲ್ಪನೆ ಅದಕ್ಕೆ ಸಾಟಿಯಾಗಲಿಲ್ಲ.

ಈಗ ಅಲ್ಲಿರುವುದು ಇಂಟರ್‌ನ್ಯಾಷನಲ್ ವಿಶುವಲ್ ಥಿಯೇಟರ್, ಕಿವುಡರ ರಂಗಸಂಸ್ಥೆ. ನವೀಕರಿಸಿದ ಕಟ್ಟಡ 2007ರಲ್ಲಿ ತೆರೆಯಿತು. ಫ್ರೆಂಚ್ ಬಾರದ ನಮ್ಮವರಿಗೆ ಇದು ಪ್ಯಾರಿಸ್ಸಿನ ಬೇರೆ ನಾಟಕಶಾಲೆಗಳಿಗಿಂತ ಅನುಕೂಲ, ಆದರೆ ಪ್ರದರ್ಶನ ಆರಿಸುವಾಗ ಎಚ್ಚರ ಬೇಕು. ಕೆಲವು ಪ್ರದರ್ಶನ ಸಂಜ್ಞಾಭಾಷೆ ಮತ್ತು ಫ್ರೆಂಚ್ ಎರಡರಲ್ಲೂ ಇರುತ್ತವೆ. ಮಾತೇ ಇಲ್ಲದ ದೃಶ್ಯಪ್ರಧಾನವಾದವನ್ನು ಆರಿಸಿ. ಕೈಬೆರಳುಗಳ ಚಲನೆ ಪಕ್ಕದಿಂದ ಮರೆಯಾಗುತ್ತದೆ, ಆದ್ದರಿಂದ ಅಂಚಿನ ಮುಂದಿನ ಸೀಟಿಗಿಂತ ನಡುವಿನ ಸೀಟು ಮೇಲು. ಚಪ್ಪಾಳೆಯ ಬದಲು ಎರಡೂ ಕೈ ಎತ್ತಿ ಅಲ್ಲಾಡಿಸುವುದು ಅಲ್ಲಿನ ರೂಢಿ.

ಇನ್ನೊಂದು ಮಾತು. ಪ್ರವಾಸಿಗರು ಸೇರುವ ಕಡೆಗಳಲ್ಲಿ ‘ಕಿವುಡರಿಗಾಗಿ ಸಹಿ’ ಎಂದು ರಟ್ಟು ಹಿಡಿದು ಬರುವವರಿಗೂ ಈ ಸಂಸ್ಥೆಗೂ ಸಂಬಂಧವಿಲ್ಲ. ನೀವು ಸಹಿ ಹಾಕುತ್ತಿರುವಾಗ ಜೊತೆಯವರು ಜೇಬಿಗೆ ಕೈ ಹಾಕುತ್ತಾರೆ. ನಿಲ್ಲದೆ ನಡೆಯಿರಿ. ಬಾರ್ಬೆಸ್, ಪಿಗಾಲ್ ನಿಲ್ದಾಣಗಳಲ್ಲಿ ಮೊಬೈಲ್ ಒಳಗಿರಲಿ.

ಸಂಜೆಯ ಪ್ರದರ್ಶನಕ್ಕೆ ಮುಂಚೆ ಸಮಯವಿದ್ದರೆ, ರ‍್ಯೂ ಶಾಪ್ತಾಲ್‌ನ 16ನೇ ನಂಬರಿನಲ್ಲಿ ಚಿತ್ರಕಾರ ಆರಿ ಶೆಫರ್‌ನ ಮನೆ ಈಗ ವಸ್ತುಸಂಗ್ರಹಾಲಯ. ಶಾಶ್ವತ ಸಂಗ್ರಹಕ್ಕೆ ಪ್ರವೇಶ ಉಚಿತ, ಸೋಮವಾರ ರಜೆ. ದುರಸ್ತಿಗಾಗಿ ಬಹಳ ಕಾಲ ಮುಚ್ಚಿತ್ತು, ಹೊರಡುವ ಮೊದಲು ತೆರೆದಿದೆಯೇ ನೋಡಿಕೊಳ್ಳಿ. ಊಟಕ್ಕೆ ಪಿಗಾಲ್ ಸುತ್ತ ಹುಡುಕುವುದಕ್ಕಿಂತ ಮೆಟ್ರೊದಲ್ಲಿ ಲಾ ಶಾಪೆಲ್‌ಗೆ ಮರಳಿ. ರ‍್ಯೂ ದ್ಯು ಫೋಬೂರ್ ಸ್ಯಾಂ ದನಿಯಲ್ಲಿ ಶ್ರೀಲಂಕಾ ತಮಿಳರ ಹೋಟೆಲುಗಳು ಸಾಲಾಗಿವೆ, ದೋಸೆ ಸಿಗುತ್ತದೆ. ಸಸ್ಯಾಹಾರಿಗಳು ಸಾರು, ಪಲ್ಯದಲ್ಲಿ ಮೀನು ಬಿದ್ದಿದೆಯೇ ಎಂದು ಕೇಳಿಯೇ ಹಾಕಿಸಿಕೊಳ್ಳಬೇಕು.