ಕರೆಂಟಿಲ್ಲದ ಪಂಪು: ನಾಲ್ಕನೇ ಭಾನುವಾರ

ಅಂತೂ ಮನೆ ಹಿಂದಿನ ಟ್ಯಾಂಕಿಗೆ ನೀರು ಬಿತ್ತು. ಹತ್ತು ಲೀಟರಿನ ಕೊಡಪಾನ ತುಂಬಲು ನಾಲ್ಕು ನಿಮಿಷ ಬೇಕು. ಇಷ್ಟೇನಾ ಅಂತ ನಗಬೇಡಿ, ಹಗಲು ರಾತ್ರಿ ಬರುವ ನೀರು, ದಿನಕ್ಕೆ 3,600 ಲೀಟರ್ ಆಯಿತು.

ಹೊಸಬರಿಗೆ ಎರಡು ಮಾತು. ಅಡಿಕೆ ತೋಟದ ಕೆಳಗಿನ ಹಳ್ಳದಲ್ಲಿ ನೀರು 2 ಮೀಟರ್ ಇಳಿಯುತ್ತದೆ. ಟ್ಯಾಂಕು ಪಂಪಿನಿಂದ 14 ಮೀಟರ್ ಮೇಲಿದೆ. ಓಡುವ ನೀರನ್ನು ಒಂದು ವಾಲ್ವು ಟಪ್ಪೆಂದು ತಡೆದರೆ ಒತ್ತಡ ಏರುತ್ತದೆ, ಅದೇ ಒತ್ತಡ ಇನ್ನೊಂದು ವಾಲ್ವನ್ನು ತಳ್ಳಿ ಸ್ವಲ್ಪ ನೀರನ್ನು ಮೇಲಕ್ಕೆ ಹತ್ತಿಸುತ್ತದೆ. ಇದೇ ಹೈಡ್ರಾಲಿಕ್ ರ‍್ಯಾಮ್. ತಾನಾಗಿ ಬಡಿಯುವ ಪಂಪನ್ನು 1796ರಲ್ಲಿ ಮಾಡಿದವನು ಫ್ರಾನ್ಸಿನ ಜೋಸೆಫ್ ಮಾಂಟ್‌ಗಾಲ್ಫಿಯೆ, ಬಿಸಿಗಾಳಿ ಬಲೂನು ಹಾರಿಸಿದ ಅಣ್ಣತಮ್ಮಂದಿರಲ್ಲಿ ಅಣ್ಣ.

ಮೊದಲೆರಡು ವಾರ ನನ್ನ ಜಿಪುಣತನಕ್ಕೆ ದಂಡ. ಮನೆಯಲ್ಲಿ ಬಿದ್ದಿದ್ದ ಕಪ್ಪು ಪ್ಲಾಸ್ಟಿಕ್ ಪೈಪನ್ನೇ ಹಳ್ಳದಿಂದ ಪಂಪಿಗೆ ಜೋಡಿಸಿದ್ದೆ. ವಾಲ್ವು ಬಡಿಯುತ್ತಿತ್ತು, ನೀರು ಮಾತ್ರ ಅರ್ಧ ಗುಡ್ಡಕ್ಕೇ ಸುಸ್ತು. ಆಮೇಲೆ ಲೆಕ್ಕ ಹಾಕಿದೆ: ಸೆಕೆಂಡಿಗೆ 1 ಮೀಟರ್ ಓಡುವ ನೀರು ಕಬ್ಬಿಣದ ಪೈಪಿನಲ್ಲಿ ತಟ್ಟನೆ ನಿಂತರೆ ಒತ್ತಡ ಸುಮಾರು 13 ಬಾರ್ ಏರಬಹುದು (ಒಂದು ಬಾರ್ ಅಂದರೆ ಹೆಚ್ಚುಕಡಿಮೆ 10 ಮೀಟರ್ ಎತ್ತರದ ನೀರಿನ ಒತ್ತಡ). ಮೆತ್ತನೆ ಪೈಪು ಪ್ರತಿ ಏಟಿಗೂ ಉಬ್ಬಿ ಅದರಲ್ಲಿ ಬಹುಪಾಲನ್ನು ತಾನೇ ನುಂಗುತ್ತದೆ. ಇಪ್ಪತ್ತಡಿಯ ಎರಡು ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು ಹೊತ್ತು ತಂದೆ. ಬೆನ್ನು ಇನ್ನೂ ನೋಯುತ್ತಿದೆ.

ನೀರು ತಡೆಯುವ ವಾಲ್ವಿನ ಕಡ್ಡಿಗೆ ಭಾರಕ್ಕೆ ಎಷ್ಟು ನಟ್ಟು ಪೋಣಿಸಬೇಕು ಅನ್ನುವುದು ಯಾವ ಸೂತ್ರದಿಂದಲೂ ನನಗೆ ಸಿಗಲಿಲ್ಲ. ನಾಲ್ಕು ಹಾಕಿದರೆ ನಿಮಿಷಕ್ಕೆ ಐವತ್ತು ಬಡಿತ, ಆರು ಹಾಕಿದರೆ ಬಡಿತ ನಿಧಾನ, ಹಳ್ಳದ ನೀರೆಲ್ಲ ಪೋಲು. ಐದಕ್ಕೆ ನಿಲ್ಲಿಸಿದೆ.

ಕಳೆದ ವಾರ ಹೊಸ ತರಲೆ. ಮೂರು ದಿನ ಚೆನ್ನಾಗಿ ಓಡಿ ನಾಲ್ಕನೇ ರಾತ್ರಿ ಢಣ್ ಢಣ್ ಶುರು. "ಮಾಣಿ, ನಿನ್ನ ಪಂಪು ನಿದ್ದೆ ಮಾಡಕ್ಕೆ ಬಿಡ್ತಿಲ್ಲ" ಅಂತ ದೊಡ್ಡಪ್ಪನ ಫೋನು. ಏಟಿಗೆ ಮೆತ್ತೆಯಂತಿರಲಿ ಅಂತ ಇಟ್ಟ ಗಾಳಿ ಡಬ್ಬಿ ಬಿಚ್ಚಿದರೆ ಒಳಗೆ ಬರೀ ನೀರು. ಒತ್ತಡ ಹೆಚ್ಚಿದಷ್ಟೂ ಗಾಳಿ ನೀರಿನಲ್ಲಿ ಹೆಚ್ಚು ಕರಗುತ್ತದೆ, ಪಿ.ಯು.ಸಿ.ಯಲ್ಲಿ ಹೆನ್ರಿ ನಿಯಮ ಅಂತ ಉರು ಹೊಡೆದಿದ್ದೇ. ಸೋಡಾ ಬಾಟ್ಲಿ ಬಿಟ್ಟು ಬೇರೆಲ್ಲೂ ಅದು ನೆನಪಾಗಿರಲಿಲ್ಲ.

ನೀರನ್ನು ಮೇಲಕ್ಕೆ ಬಿಡುವ ವಾಲ್ವಿನ ಸ್ವಲ್ಪ ಕೆಳಗೆ ಪೈಪಿಗೆ ಒಂದೂವರೆ ಮಿಲಿಮೀಟರಿನ ತೂತು ಕೊರೆದೆ. ಪ್ರತಿ ಏಟಿನ ನಂತರ ನೀರು ಹಿಂಜಗ್ಗುವಾಗ ಅಲ್ಲಿಂದ ಒಂದು ಗುಟುಕು ಗಾಳಿ ಒಳಗೆ ಹೋಗುತ್ತದೆ, ಏಟು ಬಿದ್ದಾಗ ಚಿಟ್ಟನೆ ನೀರು ಚಿಮ್ಮುತ್ತದೆ. ಢಣ್ ಢಣ್ ಹೋಗಿ ಈಗ ಟಕ್, ಟಕ್ ಅಷ್ಟೇ.

ಮುಂದಿನ ಭಾನುವಾರ ಪೈಪಿನ ಬಾಯಿಗೆ ಜಾಲರಿ. ಇವತ್ತೇ ಎರಡು ಸಲ ಎಲೆ ಸಿಕ್ಕಿ ನಿಂತಿತ್ತು.